ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದಲ್ಲಿ ಟೀಚಿಂಗ್ ಅಸಿಸ್ಟೆಂಟ್ ಸಂದರ್ಶನ

ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಆಗಸ್ಟ್ ಕೊನೆಯ ಹೊತ್ತಿಗೆ ಹೊಸ ಸೆಮಿಸ್ಟರ್ ಆರಂಭವಾಗುತ್ತದೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ, ವಿದ್ಯಾರ್ಥಿಗಳು ಚುಟುಕಾಗಿ ಟಿಎ ಎಂದು ಕರೆಯುವ ಟೀಚಿಂಗ್ ಅಸಿಸ್ಟೆಂಟ್ ಕೆಲಸದ ಸಂದರ್ಶನದ ಬಗ್ಗೆ ನಮಗೆ ಪತ್ರಗಳು ಬರುತ್ತವೆ. ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿ ಈ ಸಂಚಿಕೆಯಲ್ಲಿ ಐದು ಪತ್ರಗಳಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿ ಈ ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದೇನೆ. ಮೊದಲ ವರ್ಷದವರ ಪ್ರೋಗ್ರಾಮಿಂಗ್ ಕೋರ್ಸಿಗೆ ಟಿಎ ಬೇಕೆಂದು ವಿಭಾಗದವರು ತಿಳಿಸಿದಾಗ ಅರ್ಜಿ ಹಾಕಿದ್ದೆ. ಈಗ ಇಪ್ಪತ್ತು ನಿಮಿಷಗಳ ಆನ್‌ಲೈನ್ ಸಂದರ್ಶನಕ್ಕೆ ಕರೆ ಬಂದಿದೆ. ಪೈಥಾನ್ ಚೆನ್ನಾಗಿ ಬರುತ್ತದೆ, ಅಲ್ಗಾರಿದಮ್‌ಗಳನ್ನು ಮತ್ತೊಮ್ಮೆ ಓದುತ್ತಿದ್ದೇನೆ. ಇನ್ನೇನು ತಯಾರಿ ಮಾಡಿಕೊಳ್ಳಬೇಕು?
— ಓದುಗ, ಹಾಸನ

ಉತ್ತರ: ಅಲ್ಗಾರಿದಮ್ ಪುಸ್ತಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸಾಫ್ಟ್‌ವೇರ್ ಕಂಪನಿಯ ಸಂದರ್ಶನದಲ್ಲಿ ಕಠಿಣವಾದ ಸಮಸ್ಯೆಯನ್ನು ನೀವು ಬಿಡಿಸಬಲ್ಲಿರಾ ಎಂದು ನೋಡುತ್ತಾರೆ. ಟಿಎ ಸಂದರ್ಶನದಲ್ಲಿ ಅತ್ಯಂತ ಸುಲಭವಾದ ಸಮಸ್ಯೆಯೊಂದರಲ್ಲಿ ಇನ್ನೊಬ್ಬರು ಎಲ್ಲಿ ಎಡವಿದ್ದಾರೆ ಎಂಬುದನ್ನು ನೀವು ಕಂಡುಹಿಡಿಯಬಲ್ಲಿರಾ ಎಂದು ನೋಡುತ್ತಾರೆ. ವಿಷಯ ನಿಮಗೆ ಗೊತ್ತಿದೆ ಎಂಬುದು ಅಂಕಪಟ್ಟಿಯಿಂದಲೇ ಅವರಿಗೆ ತಿಳಿದಿರುತ್ತದೆ. ಗೊತ್ತಿಲ್ಲದವನ ಎದುರು ಕುಳಿತಾಗ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲವಾದ್ದರಿಂದ ಆ ಇಪ್ಪತ್ತು ನಿಮಿಷಗಳನ್ನು ಅದಕ್ಕೆಂದೇ ಮೀಸಲಿಡುತ್ತಾರೆ.

ಮೊದಲು ಕೆಲಸವೇನೆಂದು ತಿಳಿದುಕೊಳ್ಳಿ. ದೊಡ್ಡ ಕೋರ್ಸಿನಲ್ಲಿ ಪ್ರೊಫೆಸರ್ ನೂರಾರು ಮಂದಿಗೆ ಒಟ್ಟಿಗೆ ಪಾಠ ಹೇಳುತ್ತಾರೆ. ಆ ನೂರಾರು ಮಂದಿಯನ್ನು ಇಪ್ಪತ್ತು ಮೂವತ್ತು ಜನರ ಗುಂಪುಗಳಾಗಿ ವಿಂಗಡಿಸಿ ನಡೆಸುವ ಡಿಸ್ಕಷನ್ ಅಥವಾ ಲ್ಯಾಬ್ ತರಗತಿ, ವಾರಕ್ಕೆ ಕೆಲವು ಗಂಟೆ ವಿದ್ಯಾರ್ಥಿಗಳಿಗಾಗಿ ಕಾದು ಕುಳಿತಿರುವ ಆಫೀಸ್ ಅವರ್ಸ್, ಅಸೈನ್‌ಮೆಂಟ್‌ಗಳ ಮೌಲ್ಯಮಾಪನ, ಪರೀಕ್ಷೆಯ ಮೇಲ್ವಿಚಾರಣೆ, ಇವು ಟಿಎ ಪಾಲಿನ ಕೆಲಸಗಳು. ಕೋರ್ಸಿನ ಹಿಂದಿನ ಸೆಮಿಸ್ಟರ್‌ನ ಪಠ್ಯಕ್ರಮ ಬಹಳಷ್ಟು ಸಲ ವಿಭಾಗದ ಜಾಲತಾಣದಲ್ಲಿಯೇ ಸಿಗುತ್ತದೆ. ಯಾವ ವಾರ ಯಾವ ವಿಷಯ ಬರುತ್ತದೆ, ಅಸೈನ್‌ಮೆಂಟ್ ತಡವಾಗಿ ಕೊಟ್ಟರೆ ಎಷ್ಟು ಅಂಕ ಕಡಿತವಾಗುತ್ತದೆ, ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಕೆಲಸ ಮಾಡಲು ಎಷ್ಟರಮಟ್ಟಿಗೆ ಅವಕಾಶವಿದೆ, ಚಾಟ್‌ಜಿಪಿಟಿಯಂಥ ಸಾಧನಗಳ ಬಗ್ಗೆ ನಿಯಮವೇನು ಎಂಬುದನ್ನೆಲ್ಲ ಓದಿಕೊಂಡು ಹೋದ ಅಭ್ಯರ್ಥಿ ಮೊದಲ ಎರಡು ನಿಮಿಷಗಳಲ್ಲೇ ಬೇರೆಯಾಗಿ ಕಾಣಿಸುತ್ತಾರೆ. ಹಾಗೆ ಓದಿಕೊಂಡು ಬರುವವರು ಆಶ್ಚರ್ಯವಾಗುವಷ್ಟು ಕಡಿಮೆ.

ಇನ್ನು ಸಂದರ್ಶನದ ಮುಖ್ಯ ಭಾಗ. ಸಂದರ್ಶಕರು ತಾವೇ ಮೊದಲ ವರ್ಷದ ವಿದ್ಯಾರ್ಥಿಯಾಗಿ ನಟಿಸುವ ಸಂಭವ ಹೆಚ್ಚು. ಉದಾಹರಣೆಗೆ, "ಪ್ರೋಗ್ರಾಮಿನಲ್ಲಿ ಎಕ್ಸ್ = ಎಕ್ಸ್ + 1 ಎಂದು ಬರೆದಿದ್ದಾರೆ. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಾಗಿರುವ ಸಂಖ್ಯೆಗೆ ಸಮನಾಗಲು ಸಾಧ್ಯವಿಲ್ಲ. ಇದು ತಪ್ಪಲ್ಲವೇ?" ಎಂದು ಕೇಳಬಹುದು. ನಮ್ಮ ಕಾಲೇಜುಗಳಿಂದ ಹೋದವರು ತಟ್ಟನೆ ಕೊಡುವ ಉತ್ತರವೆಂದರೆ, ಅದು ಸಮೀಕರಣವಲ್ಲ, ಅಸೈನ್‌ಮೆಂಟ್ ಆಪರೇಟರ್. ಬಲಭಾಗದ ಬೆಲೆಯನ್ನು ಲೆಕ್ಕ ಹಾಕಿ ಎಡಭಾಗದ ವೇರಿಯೆಬಲ್‌ನಲ್ಲಿ ಇಡಲಾಗುತ್ತದೆ, ಎಂಬ ವಾಕ್ಯ. ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ವಿದ್ಯಾರ್ಥಿ ತಲೆಯಾಡಿಸಿ ಹೊರಟುಹೋಗುತ್ತಾನೆ, ಮತ್ತು ಮುಂದಿನ ವಾರ ಎರಡು ವೇರಿಯೆಬಲ್‌ಗಳ ಬೆಲೆಯನ್ನು ಅದಲು ಬದಲು ಮಾಡುವ ಲೆಕ್ಕ ಬಂದಾಗ ಮತ್ತೆ ಅಲ್ಲೇ ಸಿಕ್ಕಿಕೊಳ್ಳುತ್ತಾನೆ.

ಅದರ ಬದಲು, ಗಣಿತದ ದೃಷ್ಟಿಯಿಂದ ಅವನ ಆಕ್ಷೇಪ ಸರಿಯಾಗಿಯೇ ಇದೆ ಎಂದು ಮೊದಲು ಒಪ್ಪಿಕೊಳ್ಳಿ. ನಂತರ ಕಾಗದದ ಮೇಲೆ ಒಂದು ಚೌಕ ಬರೆದು ಅದಕ್ಕೆ ಎಕ್ಸ್ ಎಂದು ಹೆಸರಿಟ್ಟು, ಒಳಗೆ 5 ಎಂದು ಬರೆದು, ಈ ಸಾಲನ್ನು ಕಂಪ್ಯೂಟರ್ ಓದಿದ ಮೇಲೆ ಚೌಕದೊಳಗೆ ಏನಿರುತ್ತದೆ ಎಂದು ಅವನನ್ನೇ ಕೇಳಿ. ಉತ್ತರ ಬಂದ ಮೇಲೆ ಅದೇ ಸಾಲನ್ನು ಎರಡನೆಯ ಸಲ ನಡೆಸಿದರೆ ಏನಾದೀತು ಎಂದು ಕೇಳಿ. ಅವನು 7 ಎಂದರೆ ವಿಷಯ ತಲುಪಿದೆ. ಮತ್ತೆ 6 ಎಂದರೆ ತೊಡಕು ಬೇರೆಲ್ಲೋ ಇದೆ ಎಂದು ತಿಳಿಯಿತು, ಅಲ್ಲಿಂದ ಮುಂದುವರಿಸಬಹುದು. ಸಂದರ್ಶಕರು ಬರೆದುಕೊಳ್ಳುವುದು ನಿಮ್ಮ ವ್ಯಾಖ್ಯೆಯನ್ನಲ್ಲ, ನೀವು ಕೇಳಿದ ಈ ಎರಡು ಪ್ರಶ್ನೆಗಳನ್ನು. ವಿದ್ಯಾರ್ಥಿಗೆ ಏನು ಗೊತ್ತಿದೆ ಎಂದು ಒಮ್ಮೆಯೂ ವಿಚಾರಿಸದೆ ನಾಲ್ಕು ನಿಮಿಷ ನಿರರ್ಗಳವಾಗಿ ವಿವರಿಸಿದ ಅಭ್ಯರ್ಥಿಗಿಂತ, ತಡವರಿಸುತ್ತಲೇ ಎರಡು ಒಳ್ಳೆಯ ಪ್ರಶ್ನೆ ಕೇಳಿದವರನ್ನು ಆರಿಸಬೇಕೆಂಬುದು ನನ್ನ ಅಭಿಪ್ರಾಯ, ಮತ್ತು ಅನುಭವಿ ಬೋಧಕರಲ್ಲಿ ಹೆಚ್ಚಿನವರದೂ ಅದೇ ಅಭಿಪ್ರಾಯ.

ಇಂಥ ಐದಾರು ತೊಡಕುಗಳನ್ನು ಮೊದಲೇ ಪಟ್ಟಿ ಮಾಡಿಕೊಳ್ಳಿ. ಫಂಕ್ಷನ್ ಒಂದು ಬೆಲೆಯನ್ನು ಹಿಂದಿರುಗಿಸುವುದಕ್ಕೂ ಪರದೆಯ ಮೇಲೆ ಮುದ್ರಿಸುವುದಕ್ಕೂ ಇರುವ ವ್ಯತ್ಯಾಸ, ಪೈಥಾನ್‌ನಲ್ಲಿ ಒಂದು ಲಿಸ್ಟಿಗೆ ಎರಡನೆಯ ಹೆಸರು ಕೊಟ್ಟು ಅದನ್ನು ಬದಲಾಯಿಸಿದಾಗ ಮೊದಲನೆಯದೂ ಬದಲಾದಂತೆ ಕಾಣುವುದು, ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಲೂಪ್ ಒಂದು ಸುತ್ತು ಹೆಚ್ಚೋ ಕಡಿಮೆಯೋ ತಿರುಗುವುದು, ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವಾಗ ನಿಲ್ಲಬೇಕಾದ ಸ್ಥಿತಿಯನ್ನು ಮರೆಯುವುದು, ಇವು ಪ್ರತಿ ಸೆಮಿಸ್ಟರ್‌ನಲ್ಲೂ ಬರುವ ತೊಡಕುಗಳು. ಮನೆಯಲ್ಲಿ ಪ್ರೋಗ್ರಾಮಿಂಗ್ ಗೊತ್ತಿಲ್ಲದ ತಮ್ಮನೋ ತಂಗಿಯೋ ಇದ್ದರೆ ಅವರ ಮುಂದೆ ಇಂಗ್ಲಿಷ್‌ನಲ್ಲಿ ವಿವರಿಸಿ ನೋಡಿ. ಅವರು ಮಧ್ಯೆ ಬಾಯಿ ಹಾಕುವುದೇ ನಿಮಗೆ ಬೇಕಾದ ಅಭ್ಯಾಸ.

ಮೂರನೆಯ ಭಾಗ ಸನ್ನಿವೇಶದ ಪ್ರಶ್ನೆಗಳು. ಇಬ್ಬರ ಪ್ರೋಗ್ರಾಮ್ ಅಕ್ಷರಶಃ ಒಂದೇ ಆಗಿದ್ದರೆ ಏನು ಮಾಡುತ್ತೀರಿ? ಅಂಕ ಕಡಿಮೆ ಬಂತೆಂದು ವಿದ್ಯಾರ್ಥಿಯೊಬ್ಬರು ಜಗಳಕ್ಕೆ ನಿಂತರೆ? ಕೇಳಿದ ಪ್ರಶ್ನೆಗೆ ಉತ್ತರ ನಿಮಗೇ ಗೊತ್ತಿಲ್ಲದಿದ್ದರೆ? ಮೊದಲ ಪ್ರಶ್ನೆಗೆ ನಮ್ಮವರು, ಇಬ್ಬರನ್ನೂ ಕರೆಸಿ ವಿಚಾರಿಸಿ ಸೊನ್ನೆ ಕೊಡುತ್ತೇನೆ ಎಂದು ಗಟ್ಟಿಯಾಗಿ ಹೇಳುವುದುಂಟು. ಅದು ಟಿಎ ಅಧಿಕಾರವಲ್ಲ. ನಕಲಿನ ಸಂಶಯ ಬಂದರೆ ಎರಡೂ ಪ್ರತಿಗಳನ್ನು ತೆಗೆದಿಟ್ಟು, ವಿದ್ಯಾರ್ಥಿಗಳೊಂದಿಗೆ ಮಾತನಾಡುವ ಮುನ್ನ ಕೋರ್ಸಿನ ಬೋಧಕರಿಗೆ ಒಪ್ಪಿಸಬೇಕು; ವಿಚಾರಣೆಗೆ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ವಿಧಾನವಿರುತ್ತದೆ. ಅಂಕದ ತಕರಾರಿನಲ್ಲಿಯೂ ಅಂಕನೀಡಿಕೆಗೆ ಮೊದಲೇ ನಿಗದಿಯಾದ ಮಾನದಂಡವನ್ನು, ಅಂದರೆ ರೂಬ್ರಿಕ್ಕನ್ನು, ಮುಂದಿಟ್ಟುಕೊಂಡು ಮಾತನಾಡುತ್ತೇನೆ, ಅದೇ ತಪ್ಪಿಗೆ ಉಳಿದವರಿಗೆ ಎಷ್ಟು ಕಳೆದಿದ್ದೇನೋ ಅಷ್ಟೇ ಇವರಿಗೂ ಎಂಬುದನ್ನು ಖಚಿತಪಡಿಸಿಕೊಳ್ಳುತ್ತೇನೆ ಎಂದು ಹೇಳುವುದು ಸರಿ. ಗೊತ್ತಿಲ್ಲದ ಪ್ರಶ್ನೆಗೆ, ನೋಡಿಕೊಂಡು ನಾಳೆಯೊಳಗೆ ತಿಳಿಸುತ್ತೇನೆ ಎನ್ನುವುದಕ್ಕಿಂತ ಉತ್ತಮ ಉತ್ತರವಿಲ್ಲ. ಇದರಿಂದ ಗೌರವ ಕಡಿಮೆಯಾಗುತ್ತದೆ ಎಂದು ಅಲ್ಲಿ ಯಾರೂ ಭಾವಿಸುವುದಿಲ್ಲ.

ಪ್ರಶ್ನೆ: ಮಾನ್ಯರೇ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಪ್ರವೇಶ ಸಿಕ್ಕಿದೆ, ಜೊತೆಗೆ ಟಿಎ ಕೆಲಸವೂ ಇದೆ. ಆದರೆ ಅಲ್ಲಿಗೆ ಹೋದ ಮೇಲೆ ಮಾತನಾಡುವ ಇಂಗ್ಲಿಷಿನ ಪರೀಕ್ಷೆಯನ್ನೂ ಕಿರುಪಾಠದ ಸಂದರ್ಶನವನ್ನೂ ದಾಟಬೇಕೆಂದು ಪತ್ರದಲ್ಲಿದೆ. ಪ್ರವೇಶಕ್ಕೆಂದು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದಾಗಿದೆಯಲ್ಲ, ಮತ್ತೇಕೆ? ನನ್ನ ಉಚ್ಚಾರಣೆಯಿಂದ ತೊಂದರೆಯಾಗಬಹುದೇ?
— ಓದುಗಳು, ಕೊಪ್ಪಳ

ಉತ್ತರ: ಇದು ನಿಮ್ಮೊಬ್ಬರ ಮೇಲಿನ ಸಂಶಯವಲ್ಲ. ಬೋಧಕರ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂಬ ದೂರುಗಳು 1980ರ ದಶಕದಲ್ಲಿ ಹೆಚ್ಚಾದಾಗ ಅಮೆರಿಕದ ಹಲವು ರಾಜ್ಯಗಳು ಕಾನೂನು ಮಾಡಿದವು. ಪೆನ್ಸಿಲ್ವೇನಿಯಾದ ಕಾನೂನು 1990ರದ್ದು. ಇಂಗ್ಲಿಷ್ ಮಾತೃಭಾಷೆಯಲ್ಲದ ಟಿಎಗಳನ್ನು ಪರೀಕ್ಷಿಸಲು ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓಇಪಿಟಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಟಾಪ್, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇಪಿಐ ಎಂಬ ಸ್ವಂತ ಪರೀಕ್ಷೆಗಳಿವೆ. ಟೋಫೆಲ್‌ನ ಮಾತಿನ ಭಾಗದಲ್ಲಿ ಸಾಕಷ್ಟು ಅಂಕ ಬಂದಿದ್ದರೆ ವಿನಾಯಿತಿ ಕೊಡುವ ವಿಶ್ವವಿದ್ಯಾಲಯಗಳೂ ಇವೆ. ಆ ಗಡಿ ಪ್ರವೇಶಕ್ಕೆ ಬೇಕಾದ ಅಂಕಕ್ಕಿಂತ ಸಾಮಾನ್ಯವಾಗಿ ಮೇಲಿರುತ್ತದೆ. ನಿಮ್ಮ ಅಂಕಕ್ಕೆ ವಿನಾಯಿತಿ ಇದೆಯೇ ಎಂದು ಮೊದಲು ಇಮೇಲ್ ಮಾಡಿ ವಿಚಾರಿಸಿ.

ಕನ್ನಡ ಮಾಧ್ಯಮದಲ್ಲಿ ಓದಿದ್ದು ಇಲ್ಲಿ ಕೊರತೆಯಲ್ಲ. ನಗರದ ಇಂಗ್ಲಿಷ್ ಶಾಲೆಗಳಲ್ಲಿ ಓದಿ ಬಹಳ ವೇಗವಾಗಿ ಮಾತನಾಡುವವರು ಈ ಪರೀಕ್ಷೆಯಲ್ಲಿ ಹಿಂದುಳಿಯುವುದನ್ನು ಕಂಡಿದ್ದೇನೆ. ಅಮೆರಿಕನ್ನರಂತೆ ಮಾತನಾಡಬೇಕೆಂದು ಯಾರೂ ಕೇಳುವುದಿಲ್ಲ. ಹದಿನೆಂಟು ವರ್ಷದ ವಿದ್ಯಾರ್ಥಿಗೆ ಮೊದಲ ಸಲಕ್ಕೇ ಅರ್ಥವಾಗಬೇಕು, ಅಷ್ಟೇ. ಕನ್ನಡಿಗರು ಗಮನಿಸಬೇಕಾದ ಅಂಶಗಳು ಕೆಲವೇ. ಎ ಸ್ವರದಿಂದ ಆರಂಭವಾಗುವ ಪದಕ್ಕೆ ನಾವು ತಿಳಿಯದೆ ಯಕಾರದ ಛಾಯೆ ಸೇರಿಸಿ ಯೆಲೆಕ್ಟ್ರಾನ್ ಎನ್ನುತ್ತೇವೆ, ಒ ಸ್ವರದ ಮುಂದೆ ವಕಾರ ಸೇರಿಸುತ್ತೇವೆ. ವ್ಯಂಜನದಲ್ಲಿ ಮುಗಿಯುವ ಪದದ ಕೊನೆಗೆ ಸಣ್ಣದೊಂದು ಉಕಾರ ಉಳಿಯುತ್ತದೆ. ಎಲ್ಲ ಅಕ್ಷರಗಳಿಗೂ ಸಮಾನ ಒತ್ತು ಕೊಡುತ್ತೇವೆ. ಇಂಗ್ಲಿಷ್ ಕೇಳುಗರಿಗೆ ಒತ್ತು ಬೀಳುವ ಜಾಗ ತಪ್ಪಿದರೆ ಪದವೇ ಗುರುತಾಗುವುದಿಲ್ಲ. ಗುಣಾಕಾರಕ್ಕೆ ನಾವು ಫೈವ್ ಇಂಟು ತ್ರೀ ಎಂದರೆ ಅಲ್ಲಿಯವರು ಅದನ್ನು ಭಾಗಾಕಾರವೆಂದು ತಿಳಿಯುತ್ತಾರೆ, ಆದ್ದರಿಂದ ಟೈಮ್ಸ್ ಎನ್ನಬೇಕು. ನಿಮ್ಮ ವಿಷಯದಲ್ಲಿ ಪದೇ ಪದೇ ಬರುವ ನಲವತ್ತು ಐವತ್ತು ಪದಗಳನ್ನು ನಿಘಂಟಿನ ಧ್ವನಿ ಕೇಳಿಸಿಕೊಂಡು ಸರಿಪಡಿಸಿಕೊಂಡರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

ಕಿರುಪಾಠಕ್ಕೆ ಐದರಿಂದ ಹತ್ತು ನಿಮಿಷ ಸಿಗಬಹುದು. ಅದಕ್ಕೆ ಆಮ್ಲ ಮತ್ತು ಪ್ರತ್ಯಾಮ್ಲಗಳ ಸಿದ್ಧಾಂತವನ್ನೇ ಆರಿಸಿಕೊಂಡರೆ ಪೀಠಿಕೆಯಲ್ಲೇ ಸಮಯ ಮುಗಿಯುತ್ತದೆ. ದ್ರವ ಅಳೆಯುವ ಗೆರೆಗಳುಳ್ಳ ಗಾಜಿನ ಕೊಳವೆಯಾದ ಬ್ಯೂರೆಟ್‌ನ ಅಳತೆ ಓದುವುದು ಹೇಗೆ ಎಂಬಷ್ಟು ಚಿಕ್ಕ ವಿಷಯವಿರಲಿ. 50 ಮಿಲಿಲೀಟರ್ ಬ್ಯೂರೆಟ್‌ನಲ್ಲಿ ಗೆರೆಗಳು 0.1 ಮಿಲಿಲೀಟರಿಗೊಂದರಂತೆ ಇರುವುದು, ಅದರ ನಡುವಿನ ಭಾಗವನ್ನು ಅಂದಾಜು ಮಾಡಿ 0.01ರವರೆಗೆ ಬರೆಯಬೇಕಾಗಿರುವುದು, ದ್ರವದ ಬಾಗಿದ ಮೇಲ್ಮೈಯ ಕೆಳ ಅಂಚನ್ನು ಕಣ್ಣಿನ ನೇರಕ್ಕೆ ತಂದುಕೊಂಡು ನೋಡಬೇಕಾಗಿರುವುದು, ಬ್ಯೂರೆಟ್‌ನಲ್ಲಿ ಸೊನ್ನೆ ಮೇಲ್ತುದಿಯಲ್ಲಿರುವುದರಿಂದ ಹೊಸಬರು ಅಂಕೆಯನ್ನು ತಲೆಕೆಳಗಾಗಿ ಓದುವುದು, ಇಷ್ಟನ್ನು ಚಿತ್ರ ಬರೆದು ಹೇಳಿ, ಕೊನೆಗೆ ಒಂದು ಚಿತ್ರ ಕೊಟ್ಟು ಕೇಳುಗರಿಂದಲೇ ಅಳತೆ ಓದಿಸಿದರೆ ಹತ್ತು ನಿಮಿಷ ತುಂಬುತ್ತದೆ. ಬರೆಯುವಾಗ ಹಲಗೆಯ ಕಡೆ ಮುಖ ಮಾಡಿ ಮಾತನಾಡಬೇಡಿ; ಬರೆದು, ತಿರುಗಿ, ನಂತರ ಮಾತನಾಡಿ. ಮಧ್ಯೆ ಪ್ರಶ್ನೆ ಬಂದಾಗ ಅದನ್ನು ನಿಮ್ಮ ಮಾತಿನಲ್ಲಿ ಪುನರುಚ್ಚರಿಸಿ, ಇದನ್ನೇ ಕೇಳಿದಿರೇ ಎಂದು ಖಚಿತಪಡಿಸಿಕೊಳ್ಳಿ. ಪರೀಕ್ಷಕರ ಪ್ರಶ್ನೆ ಅರ್ಥವಾಗದೆ ಏನೋ ಒಂದು ಉತ್ತರ ಕೊಡುವುದರಿಂದ ಕಳೆದುಕೊಳ್ಳುವಷ್ಟು ಅಂಕವನ್ನು ಉಚ್ಚಾರಣೆಯಿಂದ ಕಳೆದುಕೊಳ್ಳುವುದಿಲ್ಲ.

ರಸಾಯನಶಾಸ್ತ್ರದ ಲ್ಯಾಬ್ ಟಿಎಗಳಿಗೆ ಸುರಕ್ಷತೆಯ ಪ್ರಶ್ನೆ ಬಂದೇ ಬರುತ್ತದೆಂದು ತಿಳಿಯಿರಿ. ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಳ್ಳಲು ಒಪ್ಪದ ವಿದ್ಯಾರ್ಥಿಯನ್ನು ಏನು ಮಾಡುತ್ತೀರಿ ಎಂದರೆ, ಹಾಕಿಕೊಳ್ಳುವವರೆಗೆ ಲ್ಯಾಬ್‌ನಿಂದ ಹೊರಗಿರಬೇಕೆಂದು ಶಾಂತವಾಗಿ ಹೇಳುತ್ತೇನೆ ಎಂಬುದೇ ಉತ್ತರ. ಅಲ್ಲಿ ಉದಾರತೆ ತೋರಿಸಬಾರದು. ಒಂದು ವೇಳೆ ಮೊದಲ ಪ್ರಯತ್ನದಲ್ಲಿ ಪರೀಕ್ಷೆ ದಾಟದಿದ್ದರೆ ಬಹಳ ಕಡೆ ಒಂದು ಸೆಮಿಸ್ಟರ್‌ನ ಮಾತಿನ ಕೋರ್ಸಿಗೆ ಸೇರಿಸಿ, ಅಲ್ಲಿಯವರೆಗೆ ಮೌಲ್ಯಮಾಪನದಂಥ ಕೆಲಸ ಕೊಡುತ್ತಾರೆ. ನಿಮ್ಮ ವಿಭಾಗದ ಕ್ರಮವೇನೆಂದು ಪ್ರವೇಶಪತ್ರದಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಮಾನ್ಯರೇ, ಸರ್ಕಾರಿ ಪದವಿ ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕನಾಗಿದ್ದೆ. ಈಗ ಪಿಎಚ್.ಡಿ. ಮಾಡಲು ಹೋಗುತ್ತಿದ್ದು, ಕ್ಯಾಲ್ಕುಲಸ್ ಕೋರ್ಸಿನ ಟಿಎ ಸಂದರ್ಶನವಿದೆ. ಪೂರ್ಣ ಪ್ರಮಾಣದ ಉಪನ್ಯಾಸಕನಾಗಿದ್ದವನಿಗೆ ಸಹಾಯಕನ ಕೆಲಸ ಸುಲಭವೆಂದು ಹೇಳಬಹುದೇ?
— ಓದುಗ, ಶಿವಮೊಗ್ಗ

ಉತ್ತರ: ಖಂಡಿತ ಹೇಳಬೇಡಿ. ನಿಮ್ಮ ಅನುಭವ ಬೆಲೆಯುಳ್ಳದ್ದು, ಆದರೆ ಅದನ್ನು ಹುದ್ದೆಯ ಹೆಸರಿನಿಂದ ತೂಗಿದರೆ ಸಂದರ್ಶಕರಿಗೆ ಏನೂ ತಿಳಿಯುವುದಿಲ್ಲ. ಅತಿಥಿ ಉಪನ್ಯಾಸಕ ಎಂಬ ವ್ಯವಸ್ಥೆ ಅವರಿಗೆ ಪರಿಚಿತವಲ್ಲ. ಎಷ್ಟು ಮಂದಿ ಇದ್ದ ತರಗತಿ, ಯಾವ ಪಾಠಭಾಗ, ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದಿರೇ, ಉತ್ತರಪತ್ರಿಕೆ ತಿದ್ದುತ್ತಿದ್ದಿರೇ ಎಂಬ ವಿವರಗಳನ್ನು ಎರಡು ವಾಕ್ಯಗಳಲ್ಲಿ ಹೇಳಿ, ಕೂಡಲೇ ಒಂದು ನಿಜವಾದ ಪ್ರಸಂಗಕ್ಕೆ ಬನ್ನಿ. 3 ಎಕ್ಸ್ + 1 ಎಂಬುದರ ಐದನೆಯ ಘಾತವನ್ನು ಅವಕಲಿಸುವಾಗ ಘಾತವನ್ನು ಇಳಿಸಿ ಒಳಗಿನ 3 ಅನ್ನು ಮರೆಯುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರಿಗೆ ನಿಯಮವನ್ನು ಮತ್ತೆ ಹೇಳಿದಿರೋ, ಎರಡನೆಯ ಘಾತದ ಸಣ್ಣ ಉದಾಹರಣೆ ಕೊಟ್ಟು ಆವರಣವನ್ನು ಬಿಡಿಸಿ ಹೋಲಿಸಿ ನೋಡಲು ಹೇಳಿದಿರೋ, ಅದರಿಂದ ಏನಾಯಿತು, ಇದನ್ನು ಹೇಳಿದರೆ ನಿಮ್ಮ ಅನುಭವ ಅವರ ಕಣ್ಣಿಗೆ ಕಾಣುತ್ತದೆ.

ಒಂದು ಎಚ್ಚರಿಕೆ. ಶಿಸ್ತಿನ ಬಗ್ಗೆ, ವಿದ್ಯಾರ್ಥಿಗಳು ಎದ್ದು ನಿಲ್ಲುತ್ತಿದ್ದುದರ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳಬೇಡಿ. ಅಲ್ಲಿ ವಿದ್ಯಾರ್ಥಿಗಳು ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ, ಕಾಫಿ ಹಿಡಿದುಕೊಂಡೇ ಒಳಗೆ ಬರುತ್ತಾರೆ. ತರಗತಿ ಮೌನವಾಗಿ ಕುಳಿತಿದ್ದರೆ ನೀವೇನು ಮಾಡುತ್ತೀರಿ ಎಂಬ ಪ್ರಶ್ನೆ ಬಂದಾಗ ಆ ಮೌನವನ್ನು ಅವರು ಗೌರವವೆಂದಲ್ಲ, ಸಮಸ್ಯೆಯೆಂದು ಪರಿಗಣಿಸುತ್ತಿದ್ದಾರೆ ಎಂಬುದು ನೆನಪಿರಲಿ. ಇಬ್ಬಿಬ್ಬರಾಗಿ ಒಂದು ಲೆಕ್ಕ ಮಾಡಿಸಿ, ಅವರ ಬೆಂಚಿನ ಬಳಿ ಹೋಗಿ ನೋಡುತ್ತೇನೆ ಎಂಬಂಥ ಉತ್ತರ ಒಪ್ಪಿತವಾಗುತ್ತದೆ.

ಪ್ರಶ್ನೆ: ಮಾನ್ಯರೇ, ಟಿಎ ಸಂದರ್ಶನದಲ್ಲಿ, "ನಿಮ್ಮ ರೂಮ್‌ಮೇಟ್ ಅದೇ ಕೋರ್ಸಿನಲ್ಲಿದ್ದರೆ?" ಎಂದು ಕೇಳಿದರಂತೆ. ಇದಕ್ಕೇನು ಉತ್ತರ? ಹಾಗೆಯೇ, ಸಂಬಳದ ವಿಷಯವನ್ನು ಅಲ್ಲಿ ಎತ್ತಬಹುದೇ?
— ಓದುಗ, ದಾವಣಗೆರೆ

ಉತ್ತರ: ಒಂದೇ ಅಪಾರ್ಟ್‌ಮೆಂಟಿನಲ್ಲಿ ನಾಲ್ಕೈದು ಮಂದಿ ಭಾರತೀಯರು ಒಟ್ಟಿಗೆ ಇರುವುದು ಸಾಮಾನ್ಯವಾದ್ದರಿಂದ ಈ ಪ್ರಶ್ನೆ ಕಲ್ಪನೆಯದಲ್ಲ. ವಿಷಯವನ್ನು ಬೋಧಕರಿಗೆ ಸೆಮಿಸ್ಟರ್ ಆರಂಭದಲ್ಲೇ ತಿಳಿಸಿ, ಆ ವ್ಯಕ್ತಿಯ ಉತ್ತರಪತ್ರಿಕೆಯನ್ನು ಬೇರೊಬ್ಬ ಟಿಎ ತಿದ್ದುವಂತೆ ಕೇಳಿಕೊಳ್ಳುತ್ತೇನೆ ಎಂದು ಹೇಳಿ. ನಂತರ ಹಾಗೆಯೇ ನಡೆದುಕೊಳ್ಳಿ. ಊರಿನವನೆಂದು ಮಾದರಿ ಉತ್ತರವನ್ನು ತೋರಿಸಿ ಇಬ್ಬರೂ ಶಿಸ್ತುಕ್ರಮಕ್ಕೆ ಗುರಿಯಾಗುವ ಸಂಭವವಿದೆ. ಅಂಕಗಳ ಗೋಪ್ಯತೆಯ ಬಗ್ಗೆಯೂ ಕೇಳುತ್ತಾರೆ. 1974ರ ಫೆರ್ಪಾ ಎಂಬ ಫೆಡರಲ್ ಕಾನೂನಿನ ಪ್ರಕಾರ ಕಾಲೇಜು ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಯ ಹಕ್ಕು ವಿದ್ಯಾರ್ಥಿಯದೇ. ಆದ್ದರಿಂದ ತಾಯಿಯೋ ತಂದೆಯೋ ಫೋನ್ ಮಾಡಿ ಮಗನ ಅಂಕ ಕೇಳಿದರೆ ಟಿಎ ಹೇಳುವಂತಿಲ್ಲ, ಬೋಧಕರ ಕಡೆಗೆ ಕಳುಹಿಸಬೇಕು. ನಮ್ಮಲ್ಲಿಯಂತೆ ಹೆಸರು ಸಹಿತ ಅಂಕಪಟ್ಟಿಯನ್ನು ಗೋಡೆಗೆ ಅಂಟಿಸುವುದೂ ಅಲ್ಲಿ ಸಲ್ಲದು.

ಸಂಬಳದ ಬಗ್ಗೆ ಸಂದರ್ಶನದಲ್ಲಿ ಚೌಕಾಸಿಗೆ ಆಸ್ಪದವಿಲ್ಲ. ಮೊತ್ತವನ್ನು ವಿಭಾಗವೋ ವಿಶ್ವವಿದ್ಯಾಲಯವೋ ನಿಗದಿ ಮಾಡಿರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ ನೌಕರರ ಸಂಘದ ಒಪ್ಪಂದ ಅದನ್ನು ನಿರ್ಧರಿಸುತ್ತದೆ, ಅಲ್ಲಿ 2022ರ ನವೆಂಬರ್‌ನಲ್ಲಿ ಆರಂಭವಾದ ದೊಡ್ಡ ಮುಷ್ಕರದ ಮುಖ್ಯ ಬೇಡಿಕೆಯೂ ವೇತನವೇ ಆಗಿತ್ತು. ಆದರೆ ಕೇಳಲೇಬೇಕಾದ ಪ್ರಶ್ನೆಗಳಿವೆ: ವಾರಕ್ಕೆ ಎಷ್ಟು ಗಂಟೆ, ಬೋಧನಾ ಶುಲ್ಕದಲ್ಲಿ ರಿಯಾಯಿತಿ ಇದೆಯೇ ಅಥವಾ ಗಂಟೆಯ ಲೆಕ್ಕದ ಕೂಲಿ ಮಾತ್ರವೇ, ಆರೋಗ್ಯ ವಿಮೆ ಸೇರಿದೆಯೇ. ಪಿಎಚ್.ಡಿ.ಯವರಿಗೆ ಸಂಬಳ, ಶುಲ್ಕದ ರಿಯಾಯಿತಿ, ವಿಮೆ ಮೂರೂ ಸಿಗುವುದು ರೂಢಿ, ಎಂ.ಎಸ್.ನವರಿಗೆ ಬಹಳಷ್ಟು ವಿಭಾಗಗಳಲ್ಲಿ ಗಂಟೆಯ ಲೆಕ್ಕದ ಮೌಲ್ಯಮಾಪನದ ಕೆಲಸ ಮಾತ್ರ ಸಿಗುತ್ತದೆ. ಟಿಎ ಸಿಗಬಹುದೆಂಬ ನಂಬಿಕೆಯ ಮೇಲೆ ಬ್ಯಾಂಕಿನ ಸಾಲದ ಲೆಕ್ಕ ಹಾಕಬೇಡಿ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್‌ನೊಳಗೆ ವಾರಕ್ಕೆ ಒಟ್ಟು 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬುದೂ ನೆನಪಿರಲಿ. ಗ್ರಂಥಾಲಯದಲ್ಲಿ 10 ಗಂಟೆಯ ಕೆಲಸವಿದ್ದರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆ, ಅದನ್ನು ಸಂದರ್ಶನದಲ್ಲಿ ಮುಚ್ಚಿಡಬಾರದು.

ಪ್ರಶ್ನೆ: ಮಾನ್ಯರೇ, ನನ್ನ ಸಂದರ್ಶನ ಜೂಮ್‌ನಲ್ಲಿ, ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ, ಕ್ಯಾಲಿಫೋರ್ನಿಯಾದ ಸಮಯ. ಮನೆ ಹಳ್ಳಿಯಲ್ಲಿದೆ, ಕರೆಂಟಿನ ಭರವಸೆಯಿಲ್ಲ. ಕಪ್ಪು ಹಲಗೆಯೂ ಇಲ್ಲ.
— ಓದುಗಳು, ಸಿರಸಿ

ಉತ್ತರ: ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ 12 ಗಂಟೆ 30 ನಿಮಿಷ ಹಿಂದಿರುತ್ತದೆ, ಆದ್ದರಿಂದ ನಿಮ್ಮ ಸಂದರ್ಶನ ಬುಧವಾರ ಬೆಳಗಿನ ಜಾವ ಎರಡೂವರೆಗೆ. ದಿನ ತಪ್ಪಿಸಿಕೊಂಡವರು ಇದ್ದಾರೆ. ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಉಳಿದ ತಿಂಗಳುಗಳಲ್ಲಿ ಅಂತರ 13 ಗಂಟೆ 30 ನಿಮಿಷ. ಆ ಹೊತ್ತು ಕಷ್ಟವೆನಿಸಿದರೆ ಅವರ ಬೆಳಗಿನ ಒಂಬತ್ತು ಗಂಟೆಯನ್ನು, ಅಂದರೆ ನಮ್ಮ ರಾತ್ರಿ ಒಂಬತ್ತೂವರೆಯನ್ನು, ವಿನಯದಿಂದ ಕೇಳಿಕೊಳ್ಳಿ. ಬೇಡಿಕೆ ಒಂದೇ ಸಲ, ಒಂದೇ ಇಮೇಲ್‌ನಲ್ಲಿರಲಿ.

ಕರೆಂಟು ಮತ್ತು ನೆಟ್‌ವರ್ಕ್ ವಿಷಯದಲ್ಲಿ, ಸಾಧ್ಯವಿದ್ದರೆ ಆ ರಾತ್ರಿ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಉಳಿದುಕೊಳ್ಳಿ. ಇಲ್ಲದಿದ್ದರೆ ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿಟ್ಟು, ಫೋನಿನ ಹಾಟ್‌ಸ್ಪಾಟನ್ನು ಸಿದ್ಧವಾಗಿಡಿ, ಸಂಪರ್ಕ ತಪ್ಪಿದರೆ ಯಾವ ಸಂಖ್ಯೆಗೆ ಕರೆ ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ. ಕಪ್ಪು ಹಲಗೆಗೆ ಬದಲಾಗಿ, ಫೋನನ್ನು ಎರಡನೆಯ ಸಾಧನವಾಗಿ ಅದೇ ಜೂಮ್ ಸಭೆಗೆ ಸೇರಿಸಿ, ಎರಡು ಡಬ್ಬಗಳ ಮೇಲೆ ಅಡ್ಡಪಟ್ಟಿ ಇಟ್ಟು ಕ್ಯಾಮೆರಾ ಕೆಳಮುಖವಾಗಿರುವಂತೆ ಕೂರಿಸಿ, ಬಿಳಿ ಕಾಗದದ ಮೇಲೆ ದಪ್ಪ ಸ್ಕೆಚ್ ಪೆನ್ನಿನಿಂದ ಬರೆಯಿರಿ. ಫೋನಿನ ಮೈಕನ್ನೂ ಸ್ಪೀಕರನ್ನೂ ಆಫ್ ಮಾಡದಿದ್ದರೆ ಧ್ವನಿ ಮಾರ್ದನಿಸುತ್ತದೆ. ಬೆಳಕು ಎದುರಿನಿಂದ ಬರಲಿ, ಕೈಯ ನೆರಳು ಕಾಗದದ ಮೇಲೆ ಬೀಳದಂತೆ ಹಿಂದಿನ ರಾತ್ರಿಯೇ ಗೆಳತಿಯೊಬ್ಬರೊಂದಿಗೆ ಪರೀಕ್ಷಿಸಿ ನೋಡಿ. ಸಂದರ್ಶನವಾದ ದಿನವೇ ಎರಡು ಮೂರು ಸಾಲಿನ ಕೃತಜ್ಞತೆಯ ಇಮೇಲ್ ಕಳುಹಿಸುವುದು ಅಲ್ಲಿಯ ರೂಢಿ. ಅವರು ಹೇಳಿದ ಗಡುವು ಮುಗಿದು ವಾರವಾದರೂ ಉತ್ತರ ಬಾರದಿದ್ದರೆ ಒಮ್ಮೆ ವಿಚಾರಿಸಬಹುದು. ಕೋರ್ಸಿನ ನೋಂದಣಿ ಏರಿಳಿಯುವುದರಿಂದ ಕೆಲವು ಟಿಎ ಹುದ್ದೆಗಳು ಸೆಮಿಸ್ಟರ್‌ನ ಮೊದಲ ವಾರದಲ್ಲಿಯೂ ಭರ್ತಿಯಾಗುತ್ತವೆ.